ವಿದೇಶಿ ಕೈವಾಡ: ಆರೋಪ ಸಾಕು, ತನಿಖೆ ಬೇಕು — ಸಂಸತ್ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಲೋಕಸಭೆ ಮತ್ತು ರಾಜ್ಯಸಭೆಯ ಗೌರವಾನ್ವಿತ ಸದಸ್ಯರಿಗೆ,

ಮಾನ್ಯರೇ,

ಹೊರದೇಶದ ಸರ್ಕಾರಗಳು, ಅವುಗಳ ಬೇಹುಗಾರಿಕಾ ಸಂಸ್ಥೆಗಳು ಮತ್ತು ಅವುಗಳ ಹಣ ನಮ್ಮ ರಾಜಕೀಯದಲ್ಲಿ ಕೈಯಾಡಿಸುತ್ತಿವೆ ಎಂಬ ಮಾತನ್ನು ತಾವು ಸದನದ ಒಳಗೂ ಹೊರಗೂ ಆಡುತ್ತಲೇ ಬಂದಿದ್ದೀರಿ. ಆಡಳಿತ ಪಕ್ಷದವರು ವಿರೋಧ ಪಕ್ಷದವರತ್ತ ಬೆರಳು ತೋರಿಸುತ್ತಾರೆ, ವಿರೋಧ ಪಕ್ಷದವರು ಅದೇ ಬೆರಳನ್ನು ಆಡಳಿತ ಪಕ್ಷದತ್ತ ತಿರುಗಿಸುತ್ತಾರೆ, ಸರ್ಕಾರ ಬದಲಾದರೆ ಆರೋಪ ಹೊರಿಸುವವರೂ ಹೊತ್ತುಕೊಳ್ಳುವವರೂ ಜಾಗ ಅದಲು ಬದಲು ಮಾಡಿಕೊಳ್ಳುತ್ತಾರೆ. ಕಾಲೇಜಿನಲ್ಲಿ ಬಹುಕಾಲ ರಾಜ್ಯಶಾಸ್ತ್ರ ಪಾಠ ಹೇಳಿ ನಿವೃತ್ತನಾಗಿರುವ ನಾನು ಈ ಆರೋಪವನ್ನು ಹಗುರವಾಗಿ ಕಾಣುವವನಲ್ಲ. ಹೊರಗಿನವರು ನಮ್ಮ ರಾಜಕೀಯಕ್ಕೆ ಕೈಹಾಕಿದ್ದರು ಎನ್ನುವುದಕ್ಕೆ ದಾಖಲೆಗಳಿವೆ, ಈಗಲೂ ಹಾಕುತ್ತಿದ್ದಾರೆ ಎಂದು ನಂಬಲು ಕಾರಣಗಳಿವೆ. ನನ್ನ ದೂರು ಇರುವುದು ಬೇರೆ ಕಡೆ. ಇಷ್ಟು ಗಂಭೀರವಾದ ವಿಷಯದಲ್ಲಿ ಆರೋಪವೆಲ್ಲ ಮೈಕಿನ ಮುಂದೆ ನಡೆಯುತ್ತದೆ. ತನಿಖೆ ಮಾತ್ರ ಒಂದೋ ನಡೆಯುವುದೇ ಇಲ್ಲ, ನಡೆದರೂ ಅದರಿಂದ ಏನು ಗೊತ್ತಾಯಿತು ಎಂಬುದು ಮತದಾರರವರೆಗೆ ಬರುವುದಿಲ್ಲ. ಇದನ್ನು ಸರಿಪಡಿಸುವ ಅಧಿಕಾರ ಶಾಸನ ಮಾಡುವ ತಮ್ಮ ಕೈಯಲ್ಲಿ ಇರುವುದರಿಂದ ಈ ಪತ್ರವನ್ನು ಯಾವೊಬ್ಬ ಸಚಿವರಿಗೋ ಪಕ್ಷದ ಅಧ್ಯಕ್ಷರಿಗೋ ಬರೆಯದೆ ಉಭಯ ಸದನಗಳ ಎಲ್ಲ ಸದಸ್ಯರಿಗೂ ಬರೆಯುತ್ತಿದ್ದೇನೆ.

ಇತ್ತೀಚಿನ ಒಂದು ಪ್ರಸಂಗವನ್ನೇ ಮೊದಲು ನೆನಪಿಸುತ್ತೇನೆ. 2025ರ ಫೆಬ್ರುವರಿ 16ರಂದು ಸರ್ಕಾರಿ ವೆಚ್ಚ ಕಡಿತಕ್ಕೆಂದು ರಚಿಸಲಾಗಿದ್ದ ಅಮೆರಿಕದ ಡೋಜ್ ವಿಭಾಗವು ತಾನು ರದ್ದುಪಡಿಸಿದ ವೆಚ್ಚಗಳ ಪಟ್ಟಿಯನ್ನು ಪ್ರಕಟಿಸಿತು. ಭಾರತದಲ್ಲಿ ಮತದಾನದ ಪ್ರಮಾಣ ಹೆಚ್ಚಿಸಲು 2.1 ಕೋಟಿ ಡಾಲರ್ ಎಂಬುದು ಅದರಲ್ಲಿದ್ದ ಒಂದು ಸಾಲು. ಆ ಒಂದು ಸಾಲಿನ ಮೇಲೆ ಇಲ್ಲಿ ವಾರಗಟ್ಟಲೆ ಕೂಗಾಟ ನಡೆಯಿತು. ನಮ್ಮ ಚುನಾವಣೆಯನ್ನು ಹಾಳುಮಾಡಲು ಬಂದ ಹಣ ಇದು, ಇದರ ಲಾಭ ಪಡೆದವರು ಇಂಥವರು ಎಂದು ಒಂದು ಕಡೆಯವರು ಹೇಳಿದರೆ, ನೀವು ಅಧಿಕಾರದಲ್ಲಿದ್ದೂ ಏನು ಮಾಡುತ್ತಿದ್ದಿರಿ, ಶ್ವೇತಪತ್ರ ಹೊರಡಿಸಿ ಎಂದು ಇನ್ನೊಂದು ಕಡೆಯವರು ಕೇಳಿದರು. ಕೆಲವೇ ದಿನಗಳಲ್ಲಿ ಪತ್ರಿಕೆಯೊಂದು ದಾಖಲೆಗಳನ್ನು ಹುಡುಕಿ, ಆ ಹಣ ಮಂಜೂರಾಗಿದ್ದು ಬಾಂಗ್ಲಾದೇಶಕ್ಕೆ ಎಂದು ವರದಿ ಮಾಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ವಿದೇಶಾಂಗ ಸಚಿವಾಲಯವು ರಾಜ್ಯಸಭೆಗೆ ಲಿಖಿತ ಉತ್ತರ ಕೊಟ್ಟಿತು: 2014ರಿಂದ 2024ರವರೆಗಿನ ಆರ್ಥಿಕ ವರ್ಷಗಳಲ್ಲಿ ಭಾರತದಲ್ಲಿ ಮತದಾನ ಹೆಚ್ಚಿಸುವುದಕ್ಕೆಂದು ಇಂಥ ಹಣವನ್ನು ತಾವು ಪಡೆದೂ ಇಲ್ಲ, ಕೊಟ್ಟೂ ಇಲ್ಲ ಎಂದು ಅಮೆರಿಕದ ರಾಯಭಾರ ಕಚೇರಿ ತಿಳಿಸಿದೆ ಎಂಬುದು ಅದರ ಸಾರ. ಫೆಬ್ರುವರಿಯಲ್ಲಿ ಗಂಟಲು ಹರಿಯುವಂತೆ ಮಾತಾಡಿದವರಲ್ಲಿ ಆಗಸ್ಟ್‌ನ ಈ ಉತ್ತರವನ್ನು ಎತ್ತಿಕೊಂಡು ಮಾತಾಡಿದವರನ್ನು ನಾನು ಕಾಣಲಿಲ್ಲ. ಅಮೆರಿಕದ ರಾಯಭಾರ ಕಚೇರಿಯ ಮಾತೇ ಕೊನೆಯ ಮಾತು ಎಂದು ನಾನು ಹೇಳುತ್ತಿಲ್ಲ. ನಮ್ಮ ಚುನಾವಣೆಗೆ ಹೊರಗಿನ ಹಣ ಬಂದಿತ್ತೇ ಇಲ್ಲವೇ ಎಂದು ತಿಳಿಯಲು ನಾವು ಆ ಹಣ ಕಳಿಸಿದ್ದಾರೆ ಎನ್ನಲಾದ ದೇಶದ ರಾಯಭಾರ ಕಚೇರಿಯನ್ನೇ ಕೇಳಬೇಕಾಗಿ ಬಂತಲ್ಲ, ಅದು ನನ್ನನ್ನು ಕಾಡುತ್ತಿದೆ.

ಈ ಕೂಗಾಟದ ಬಿಸಿ ಯಾರಿಗೆ ತಟ್ಟುತ್ತದೆ ಎನ್ನುವುದನ್ನು ನಾನು ಹತ್ತಿರದಿಂದ ನೋಡಿದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮತದಾರರಲ್ಲಿ ಅರಿವು ಮೂಡಿಸುವ ಚುನಾವಣಾ ಆಯೋಗದ ಸ್ವೀಪ್ ಕಾರ್ಯಕ್ರಮದಲ್ಲಿ ಸ್ವಯಂಸೇವಕಿಯಾಗಿದ್ದಳು. ಹದಿನೆಂಟು ತುಂಬಿದ ಹುಡುಗ ಹುಡುಗಿಯರಿಂದ ಮತದಾರರ ಪಟ್ಟಿಗೆ ಹೆಸರು ಸೇರಿಸುವ ನಮೂನೆ 6 ತುಂಬಿಸುವುದು, ಕಾಲೇಜಿನ ಅಂಗಳದಲ್ಲಿ ಮತದಾನದ ರಂಗೋಲಿ ಬಿಡಿಸುವುದು, ಬೀದಿ ನಾಟಕಕ್ಕೆ ಜನ ಸೇರಿಸುವುದು, ಇವಿಷ್ಟೇ ಅವಳ ಕೆಲಸ. ಅವಳಿಗೆ ಸಂಬಳವಿರಲಿಲ್ಲ, ಸಿಕ್ಕಿದ್ದು ಒಂದು ಪ್ರಮಾಣಪತ್ರ ಮತ್ತು ಒಂದು ಬಿಳಿ ಟೋಪಿ. ಫೆಬ್ರುವರಿಯ ಆ ವಾರ, ಅದೇ ಟೋಪಿ ಹಾಕಿಕೊಂಡು ಅವಳು ನಿಂತಿದ್ದ ಗುಂಪು ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು. ಅವಳ ಮುಖದ ಸುತ್ತ ಕೆಂಪು ವೃತ್ತ, ಕೆಳಗೆ ‘ಡಾಲರ್ ತಿಂದವರು ಇವರೇ’ ಎಂಬ ಬರಹ. ಅದನ್ನು ಮುಂದಕ್ಕೆ ಕಳಿಸಿದವರಲ್ಲಿ ಪಕ್ಷವೊಂದರ ಕಾರ್ಯಕರ್ತರೂ ಇದ್ದರು. ಯಾವ ಪಕ್ಷ ಎಂದು ನಾನಿಲ್ಲಿ ಬರೆಯುವುದಿಲ್ಲ, ಏಕೆಂದರೆ ಪಕ್ಷ ಬೇರೆಯಾಗಿದ್ದರೂ ಆಗುವುದು ಇದೇ. ಆಗಸ್ಟ್‌ನಲ್ಲಿ ರಾಜ್ಯಸಭೆಯ ಉತ್ತರದ ಸುದ್ದಿಯನ್ನು ಆ ಫೋಟೊ ಹರಿದಾಡಿದ್ದ ಗುಂಪಿಗೆ ನಾನೇ ಹಾಕಿದೆ. ಯಾರೂ ಅದನ್ನು ಮುಂದಕ್ಕೆ ಕಳಿಸಲಿಲ್ಲ. ಆ ಹುಡುಗಿ ಈಗ ಮತದಾರರ ಪಟ್ಟಿಯ ಕೆಲಸಕ್ಕೆ ಕರೆದರೂ ಬರುವುದಿಲ್ಲ. ವಿದೇಶಿ ಶಕ್ತಿಯೊಂದು ನಮ್ಮ ಯುವಜನರನ್ನು ಚುನಾವಣೆಯಿಂದ ದೂರ ಇಡಬೇಕೆಂದು ಬಯಸಿದ್ದರೆ ಅದು ಒಂದು ಪೈಸೆ ಖರ್ಚು ಮಾಡಬೇಕಾಗಿರಲಿಲ್ಲ.

ಹಾಗೆಂದು ಅಪಾಯವೇ ಇಲ್ಲ ಎನ್ನಲು ಬರುವುದಿಲ್ಲ. ಶೀತಲ ಸಮರದ ಕಾಲದಲ್ಲಿ ಎರಡೂ ಬಣಗಳಿಗೆ ಭಾರತ ದೊಡ್ಡ ಆಟದಂಗಳವಾಗಿತ್ತು. 1992ರಲ್ಲಿ ಬ್ರಿಟನ್‌ಗೆ ಹೋದ, ಸೋವಿಯತ್ ಬೇಹುಗಾರಿಕಾ ಸಂಸ್ಥೆ ಕೆಜಿಬಿಯ ದಾಖಲೆಪಾಲಕ ವಾಸಿಲಿ ಮಿತ್ರೊಖಿನ್ ತನ್ನೊಂದಿಗೆ ಒಯ್ದ ಟಿಪ್ಪಣಿಗಳಲ್ಲಿ ಭಾರತದ ಭಾಗ 2005ರಲ್ಲಿ ಬೆಳಕಿಗೆ ಬಂತು. 1973ರ ಹೊತ್ತಿಗೆ ಹತ್ತು ಭಾರತೀಯ ಪತ್ರಿಕೆಗಳು ಕೆಜಿಬಿಯ ಹಣ ಪಡೆಯುತ್ತಿದ್ದವು, 1972ರ ಒಂದೇ ವರ್ಷದಲ್ಲಿ 3,789 ಬರಹಗಳನ್ನು ನಮ್ಮ ಪತ್ರಿಕೆಗಳಲ್ಲಿ ತೂರಿಸಲಾಗಿತ್ತು ಎಂದು ಆ ಟಿಪ್ಪಣಿಗಳು ಹೇಳುತ್ತವೆ. ಬೇಹುಗಾರರು ಮೇಲಧಿಕಾರಿಗಳನ್ನು ಮೆಚ್ಚಿಸಲು ಸಂಖ್ಯೆಗಳನ್ನು ಉಬ್ಬಿಸಿರಬಹುದು, ಆದರೆ ಅದನ್ನು ಪರೀಕ್ಷಿಸಿ ಹೇಳಬೇಕಾದವರು ಯಾರು? ಇನ್ನೊಂದು ಬಣದ ಕತೆಯೂ ಹೀಗೇ ಇದೆ. ಭಾರತದಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್, ಕೇರಳ ಮತ್ತು ಪಶ್ಚಿಮ ಬಂಗಾಳದಲ್ಲಿ ಕಮ್ಯುನಿಸ್ಟರು ಗೆಲ್ಲದಂತೆ ತಡೆಯಲು ಅಮೆರಿಕದ ಬೇಹುಗಾರಿಕಾ ಸಂಸ್ಥೆ ಸಿಐಎ ಎರಡು ಸಲ ಕಾಂಗ್ರೆಸ್ಸಿಗೆ ಹಣ ಕೊಟ್ಟಿತ್ತು ಎಂದು 1978ರಲ್ಲಿ ಬರೆದರು. ಇವೆರಡೂ ಹೇಳಿಕೆಗಳು ಬಂದಾಗ ಸಂಬಂಧಪಟ್ಟವರು ಅಲ್ಲಗಳೆದರು, ಎದುರಾಳಿಗಳು ಕೆಲವು ದಿನ ಗದ್ದಲ ಮಾಡಿದರು, ಮಾತು ಅಲ್ಲಿಗೇ ನಿಂತಿತು.

ಇದಕ್ಕಿಂತ ಹಿಂದೆ, 1967ರ ಮಹಾಚುನಾವಣೆಯಲ್ಲಿ ವಿದೇಶಿ ಹಣ ಹರಿದಾಡಿತೆಂಬ ದೂರು ಬಂದಾಗ, ಸರ್ಕಾರ ಗುಪ್ತಚರ ವಿಭಾಗದಿಂದ ತನಿಖೆ ಮಾಡಿಸಿತ್ತು. ಆ ವರದಿಯನ್ನು ಬಹಿರಂಗಪಡಿಸಲು ಗೃಹಸಚಿವ ವೈ.ಬಿ. ಚವಾಣ್ ಒಪ್ಪಲಿಲ್ಲ. ಅಂದು ತಮ್ಮ ಸ್ಥಾನಗಳಲ್ಲಿ ಕುಳಿತಿದ್ದ ಸದಸ್ಯರು ಪಟ್ಟುಹಿಡಿದು ಅದನ್ನು ಸದನದ ಮುಂದೆ ತರಿಸಿಕೊಂಡಿದ್ದರೆ ಈ ದೇಶದಲ್ಲಿ ಒಂದು ಸಂಪ್ರದಾಯ ಬೆಳೆಯುತ್ತಿತ್ತು. ಬೆಳೆದದ್ದು ಅದಕ್ಕೆ ತದ್ವಿರುದ್ಧವಾದ ಸಂಪ್ರದಾಯ.

ಹೊರಗಿನವರು ನಮ್ಮ ಪತ್ರಿಕೆಗಳನ್ನು ಬಳಸಿದ್ದು ನಮ್ಮ ಮೇಲೆ ಪ್ರಭಾವ ಬೀರುವುದಕ್ಕಷ್ಟೇ ಅಲ್ಲ. 1983ರ ಜುಲೈನಲ್ಲಿ ದೆಹಲಿಯ ‘ಪೇಟ್ರಿಯಟ್’ ಪತ್ರಿಕೆಯಲ್ಲಿ ಹೆಸರಿಲ್ಲದ ಪತ್ರವೊಂದು ಪ್ರಕಟವಾಯಿತು. ಏಡ್ಸ್ ರೋಗವನ್ನು ಅಮೆರಿಕದ ಸೇನೆಯೇ ಪ್ರಯೋಗಾಲಯದಲ್ಲಿ ತಯಾರಿಸಿತು ಎಂಬುದು ಅದರ ವಾದ. ಎರಡು ವರ್ಷಗಳ ನಂತರ ಸೋವಿಯತ್ ಪತ್ರಿಕೆಯೊಂದು ‘ಭಾರತದ ಪತ್ರಿಕೆಯೇ ಬರೆದಿದೆ’ ಎಂದು ಅದನ್ನು ಮತ್ತೆ ಎತ್ತಿಕೊಂಡಿತು, ಅಲ್ಲಿಂದ ಆ ಸುಳ್ಳು ಹತ್ತಾರು ದೇಶಗಳಿಗೆ, ಹತ್ತಾರು ಭಾಷೆಗಳಿಗೆ ಹಬ್ಬಿತು. ಅದರ ಹಿಂದೆ ಕೆಜಿಬಿ ಇತ್ತೆಂದು ರಷ್ಯಾದ ಗುಪ್ತಚರ ಮುಖ್ಯಸ್ಥ ಯೆವ್ಗೆನಿ ಪ್ರಿಮಕೋವ್ 1992ರಲ್ಲಿ ಒಪ್ಪಿಕೊಂಡರು. ಪ್ರಭಾವದ ಕಾರ್ಯಾಚರಣೆ ನಡೆಯುವ ಕ್ರಮವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರಸಂಗ ಇನ್ನೊಂದಿಲ್ಲ ಎಂದು ನಾನು ಪಾಠ ಹೇಳುವಾಗ ಇದನ್ನು ತಪ್ಪದೆ ಹೇಳುತ್ತಿದ್ದೆ. ಮೊದಲು ಯಾರೂ ಅನುಮಾನಿಸದ ಕಡೆ ಒಂದು ಸುಳ್ಳನ್ನು ನೆಡುವುದು, ಅದು ಬೇರು ಬಿಡುವವರೆಗೆ ಸುಮ್ಮನಿರುವುದು, ಆಮೇಲೆ ಅದನ್ನೇ ಸಾಕ್ಷಿಯೆಂದು ತೋರಿಸುವುದು. ಅಂದು ಅದಕ್ಕೆ ಎರಡು ವರ್ಷ ಬೇಕಾಯಿತು. ಇಂದು ಒಂದು ಮಧ್ಯಾಹ್ನ ಸಾಕು.

ಇಂದಿನ ಮಾತಿಗೇ ಬರೋಣ. 2024ರ ಲೋಕಸಭಾ ಚುನಾವಣೆ ನಡೆಯುತ್ತಿದ್ದಾಗಲೇ, ಮೇ 30ರಂದು, ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿ ಒಂದು ವರದಿ ಹೊರತಂದಿತು. ಇಸ್ರೇಲಿನ ಸ್ಟೋಯಿಕ್ ಎಂಬ ರಾಜಕೀಯ ಪ್ರಚಾರ ಸಂಸ್ಥೆ ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಬಿಜೆಪಿ ವಿರೋಧಿ ಮತ್ತು ಕಾಂಗ್ರೆಸ್ ಪರ ಟೀಕೆ ಟಿಪ್ಪಣಿಗಳನ್ನು ಭಾರತದ ಚುನಾವಣೆಯ ಕುರಿತು ಹರಡಲು ತೊಡಗಿತ್ತು, ಆರಂಭವಾದ 24 ಗಂಟೆಗಳೊಳಗೆ ಅದನ್ನು ತಡೆದೆವು ಎಂದು ಆ ವರದಿ ಹೇಳಿತು. ಅದೇ ವರ್ಷ ಮೆಟಾ ಕಂಪನಿ ಚೀನಾದಿಂದ ನಡೆಯುತ್ತಿದ್ದ ಒಂದು ಜಾಲವನ್ನು ಕಿತ್ತುಹಾಕಿರುವುದಾಗಿ ತಿಳಿಸಿತು. 37 ಫೇಸ್‌ಬುಕ್ ಖಾತೆಗಳು, 13 ಪುಟಗಳು, 5 ಗುಂಪುಗಳು, 9 ಇನ್‌ಸ್ಟಾಗ್ರಾಂ ಖಾತೆಗಳಿದ್ದ ಆ ಜಾಲ ಭಾರತವೂ ಸೇರಿ ಹಲವು ದೇಶಗಳ ಸಿಖ್ಖರನ್ನು ಗುರಿಯಾಗಿಸಿಕೊಂಡು, ತಾವೂ ಸಿಖ್ಖರೇ ಎಂಬಂತೆ ಬರೆಯುತ್ತಿತ್ತು. ಎರಡೂ ಪ್ರಯತ್ನಗಳಿಗೆ ಹೆಚ್ಚಿನ ಓದುಗರು ಸಿಕ್ಕಿರಲಿಲ್ಲ ಎಂಬುದು ಸಮಾಧಾನದ ಸಂಗತಿ. ಆದರೆ ನಮ್ಮ ಚುನಾವಣೆಯ ಮೇಲೆ ಹೊರಗಿನವರ ಕಣ್ಣು ಬಿದ್ದಿದ್ದನ್ನು ನಮಗೆ ಹೇಳಿದವರು ಯಾರು? ಕ್ಯಾಲಿಫೋರ್ನಿಯಾದ ಎರಡು ಖಾಸಗಿ ಕಂಪನಿಗಳು. ಅವು ತಮಗೆ ಬೇಕಾದಷ್ಟು ಹೇಳುತ್ತವೆ, ಬೇಡವಾದದ್ದನ್ನು ಬಿಡುತ್ತವೆ. ನಾಳೆ ಇಂಥ ವರದಿಗಳನ್ನು ನಿಲ್ಲಿಸಿದರೂ ಕೇಳುವ ಹಕ್ಕು ನಮಗಿಲ್ಲ. ಚುನಾವಣೆ ಮುಗಿದ ಮೇಲೆ ಈ ಬಗೆಯ ಯತ್ನಗಳು ಎಷ್ಟು ನಡೆದವು, ಎಲ್ಲಿಂದ ನಡೆದವು, ಏನು ಕ್ರಮವಾಯಿತು ಎಂದು ಮತದಾರರಿಗೆ ಲೆಕ್ಕ ಒಪ್ಪಿಸುವ ಹೊಣೆಯನ್ನು ಯಾವ ಕಾನೂನೂ ನಮ್ಮ ಯಾವ ಸಂಸ್ಥೆಯ ಮೇಲೂ ಹೊರಿಸಿಲ್ಲ.

ತಮ್ಮ ಪೈಕಿಯೇ ಹಲವರಿಗೆ ಇದರ ಅನುಭವವಿದೆ. 2023ರ ಅಕ್ಟೋಬರ್ ಕೊನೆಯಲ್ಲಿ ವಿರೋಧ ಪಕ್ಷಗಳ ಹಲವು ಸಂಸದರ ಐಫೋನ್‌ಗಳಿಗೆ, ಸರ್ಕಾರಿ ಬೆಂಬಲದ ದಾಳಿಕೋರರು ನಿಮ್ಮ ಫೋನನ್ನು ಗುರಿಮಾಡಿರಬಹುದು ಎಂಬ ಎಚ್ಚರಿಕೆ ಆ್ಯಪಲ್ ಕಂಪನಿಯಿಂದ ಬಂತು. ಯಾವ ದೇಶದ ಸರ್ಕಾರ ಎಂದು ಅದು ಹೇಳಲಿಲ್ಲ. ನಮ್ಮ ಸರ್ಕಾರವೇ ಎಂದು ಒಂದು ಪಾಳಯ, ಕಂಪನಿಯ ಊಹೆಯಷ್ಟೇ ಎಂದು ಇನ್ನೊಂದು ಪಾಳಯ ವಾದಕ್ಕಿಳಿದವು; ಬೇರೊಂದು ದೇಶ ನಮ್ಮ ಸಂಸದರ ಫೋನುಗಳನ್ನು ಕದ್ದಾಲಿಸಿದ್ದರೆ ಎಂಬ ಪ್ರಶ್ನೆ ಎರಡೂ ಪಾಳಯಗಳಲ್ಲಿ ಯಾರ ಬಾಯಲ್ಲೂ ನಿಲ್ಲಲಿಲ್ಲ. ಇದಕ್ಕೆ ಎರಡು ವರ್ಷ ಮೊದಲು, ಇಸ್ರೇಲಿ ಕಂಪನಿಯೊಂದು ತಯಾರಿಸಿದ, ಫೋನುಗಳಲ್ಲಿ ಗುಟ್ಟಾಗಿ ಬೇಹು ನಡೆಸುವ ಪೆಗಾಸಸ್ ತಂತ್ರಾಂಶದ ವಿಚಾರದಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲುಸ್ತುವಾರಿಯಲ್ಲಿ ತಜ್ಞರ ಸಮಿತಿ ನೇಮಿಸಿತ್ತು. ಪರೀಕ್ಷಿಸಿದ 29 ಫೋನುಗಳ ಪೈಕಿ ಐದರಲ್ಲಿ ಕುತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ ಎಂದು ಖಚಿತವಾಗಿ ಹೇಳಲು ಬರಲಿಲ್ಲ, ಸರ್ಕಾರ ಸಮಿತಿಗೆ ಸಹಕರಿಸಲಿಲ್ಲ ಎಂಬ ಸಂಗತಿಗಳು 2022ರ ಆಗಸ್ಟ್‌ನಲ್ಲಿ ನ್ಯಾಯಾಲಯದಲ್ಲಿ ಹೊರಬಂದವು. ಸರಿ, ಅದು ಪೆಗಾಸಸ್ ಅಲ್ಲ ಎಂದೇ ಇಟ್ಟುಕೊಳ್ಳೋಣ. ಹಾಗಿದ್ದರೆ ಆ ಐದು ಫೋನುಗಳಲ್ಲಿ ಇದ್ದದ್ದು ಯಾರದ್ದು? ದೇಶದ ಭದ್ರತೆಯ ಬಗ್ಗೆ ನಿಜವಾಗಿ ಕಳವಳವಿರುವ ಯಾವುದೇ ಸರ್ಕಾರಕ್ಕೆ ಈ ಪ್ರಶ್ನೆ ನಿದ್ದೆಗೆಡಿಸಬೇಕಿತ್ತು.

ಈಗ ಹಣದ ಮಾತು. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಉಳಿದ ವಿಷಯಗಳಲ್ಲಿ ತಾವು ಸುಮ್ಮನಿದ್ದಿರಿ, ಇದರಲ್ಲಿ ಮಾತ್ರ ತಾವೇ ಮುಂದಾಗಿ ಬಾಗಿಲು ತೆರೆದಿರಿ. ರಾಜಕೀಯ ಪಕ್ಷಗಳು ವಿದೇಶಿ ಮೂಲದಿಂದ ಹಣ ಪಡೆಯಬಾರದು ಎಂಬ ನಿಷೇಧ 1976ರ ವಿದೇಶಿ ದೇಣಿಗೆ ಕಾಯ್ದೆಯಲ್ಲೇ (ಎಫ್‌ಸಿಆರ್‌ಎ) ಇತ್ತು, 2010ರ ಹೊಸ ಕಾಯ್ದೆಯಲ್ಲೂ ಉಳಿಯಿತು. 2014ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್, ಬ್ರಿಟನ್‌ನ ವೇದಾಂತ ಕಂಪನಿಯ ಒಡೆತನಕ್ಕೆ ಸೇರಿದ ಕಂಪನಿಗಳಿಂದ ದೇಣಿಗೆ ಪಡೆದ ಕಾಂಗ್ರೆಸ್ ಮತ್ತು ಬಿಜೆಪಿ ಎರಡೂ ಈ ಕಾಯ್ದೆಯನ್ನು ಉಲ್ಲಂಘಿಸಿವೆ ಎಂದು ತೀರ್ಪಿತ್ತು, ಆರು ತಿಂಗಳೊಳಗೆ ಕ್ರಮ ಕೈಗೊಳ್ಳಬೇಕೆಂದು ಗೃಹ ಸಚಿವಾಲಯಕ್ಕೂ ಚುನಾವಣಾ ಆಯೋಗಕ್ಕೂ ಸೂಚಿಸಿತು. ಕ್ರಮದ ಬದಲು ಬಂದದ್ದು ತಿದ್ದುಪಡಿ. 2016ರ ಹಣಕಾಸು ಕಾಯ್ದೆಯ ಮೂಲಕ ‘ವಿದೇಶಿ ಮೂಲ’ ಎಂಬುದರ ವ್ಯಾಖ್ಯೆಯನ್ನೇ ಸಡಿಲಿಸಿ, ಅದು 2010ರಿಂದಲೇ ಪೂರ್ವಾನ್ವಯವಾಗುವಂತೆ ಮಾಡಲಾಯಿತು. ಹೈಕೋರ್ಟು ತಪ್ಪೆಂದ ದೇಣಿಗೆಗಳು ಅದಕ್ಕೂ ಹಿಂದಿನವಾದ್ದರಿಂದ ಅಷ್ಟು ಸಾಲಲಿಲ್ಲ; 2018ರ ಹಣಕಾಸು ಕಾಯ್ದೆಯಲ್ಲಿ ಆ ದಿನಾಂಕವನ್ನು 1976ರ ಆಗಸ್ಟ್ 5ಕ್ಕೆ ಒಯ್ಯಲಾಯಿತು. ನಾಲ್ಕು ದಶಕಗಳಷ್ಟು ಹಿಂದಿನ ವ್ಯವಹಾರವನ್ನು ಒಂದು ಸಾಲಿನಲ್ಲಿ ಸಕ್ರಮ ಮಾಡಿದ ಆ ಮಸೂದೆ ಲೋಕಸಭೆಯಲ್ಲಿ 2018ರ ಮಾರ್ಚ್ 14ರಂದು ಗದ್ದಲದ ನಡುವೆ, ಚರ್ಚೆಯಿಲ್ಲದೆ, ಧ್ವನಿಮತದಿಂದ ಅಂಗೀಕಾರವಾಗುವುದನ್ನು ನಾನು ಟಿವಿಯಲ್ಲಿ ನೋಡಿದೆ. ಬೇರೆ ಬೇರೆ ಕಾರಣಗಳಿಗೆ ಸಭಾಧ್ಯಕ್ಷರ ಪೀಠದ ಮುಂದೆ ಬಂದು ಫಲಕ ಹಿಡಿದು ಕೂಗುತ್ತಿದ್ದ ಸದಸ್ಯರ ಮೇಲಿನ ನನ್ನ ಕೋಪಕ್ಕಿಂತ, ಆ ತಿದ್ದುಪಡಿಯಿಂದ ಇಬ್ಬರಿಗೂ ಲಾಭವಿದ್ದುದರಿಂದಲೇ ಇದರ ಬಗ್ಗೆ ಯಾರೂ ಕೂಗಲಿಲ್ಲ ಎಂಬ ನೋವು ಹೆಚ್ಚಾಗಿತ್ತು.

ಹೆಸರು ಬಹಿರಂಗವಾಗದಂತೆ ಪಕ್ಷಗಳಿಗೆ ದೇಣಿಗೆ ಕೊಡಲು ಬಿಟ್ಟ ಚುನಾವಣಾ ಬಾಂಡ್ ಯೋಜನೆ ಬಂದದ್ದೂ ಇದೇ ಕಾಲದಲ್ಲಿ. ಅದರ ಜೊತೆಗೆ ಕಂಪನಿಗಳು ಸರಾಸರಿ ಲಾಭದ ಶೇ 7.5ರಷ್ಟನ್ನು ಮಾತ್ರ ದೇಣಿಗೆ ಕೊಡಬಹುದೆಂಬ ಮಿತಿಯನ್ನೂ ತೆಗೆದುಹಾಕಲಾಯಿತು. ಹೆಸರಿಗಷ್ಟೇ ಇರುವ ಕಂಪನಿಗಳನ್ನು ಹುಟ್ಟುಹಾಕಿ ಹಣ ಸಾಗಿಸಲು ಇದು ದಾರಿಯಾಗುತ್ತದೆ ಎಂದು ಚುನಾವಣಾ ಆಯೋಗ 2017ರಲ್ಲೇ ಎಚ್ಚರಿಸಿತ್ತು. ಎಫ್‌ಸಿಆರ್‌ಎ ತಿದ್ದುಪಡಿಯಿಂದ ವಿದೇಶಿ ಕಂಪನಿಗಳು ನಮ್ಮ ನೀತಿಗಳ ಮೇಲೆ ಪ್ರಭಾವ ಬೀರುವ ಅಪಾಯವಿದೆ ಎಂದು 2019ರಲ್ಲಿ ಅದೇ ಆಯೋಗ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರವನ್ನೇ ಸಲ್ಲಿಸಿತು. 2024ರ ಫೆಬ್ರುವರಿ 15ರಂದು ಐವರು ನ್ಯಾಯಮೂರ್ತಿಗಳ ಪೀಠ ಬಾಂಡ್ ಯೋಜನೆಯನ್ನೂ ಮಿತಿಯಿಲ್ಲದ ದೇಣಿಗೆಯನ್ನೂ ಅಸಾಂವಿಧಾನಿಕವೆಂದು ರದ್ದುಮಾಡಿತು. ಎಫ್‌ಸಿಆರ್‌ಎ ತಿದ್ದುಪಡಿ ಮಾತ್ರ ಕಾನೂನು ಪುಸ್ತಕದಲ್ಲಿ ಉಳಿದಿದೆ. 20,000 ರೂಪಾಯಿವರೆಗೆ ಕೊಟ್ಟವರ ಹೆಸರನ್ನು ಪಕ್ಷಗಳು ಆಯೋಗಕ್ಕೆ ತಿಳಿಸಬೇಕಾಗಿಲ್ಲ ಎಂಬ ವಿನಾಯಿತಿಯೂ ಉಳಿದಿದೆ. ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ ಎಂದು ಕೇಂದ್ರ ಮಾಹಿತಿ ಆಯೋಗ 2013ರಲ್ಲಿ ಆದೇಶಿಸಿದ್ದರೂ ಪಕ್ಷಗಳು ಅದನ್ನು ಪಾಲಿಸಿಲ್ಲ.

ಇದೇ ಸಂಸತ್ತು 2020ರಲ್ಲಿ ಎಫ್‌ಸಿಆರ್‌ಎ ಕಾಯ್ದೆಗೆ ಇನ್ನೊಂದು ತಿದ್ದುಪಡಿ ತಂದಿತು. ವಿದೇಶಿ ದೇಣಿಗೆ ಪಡೆಯುವ ಪ್ರತಿ ಸ್ವಯಂಸೇವಾ ಸಂಸ್ಥೆಯೂ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲೇ ಖಾತೆ ತೆರೆಯಬೇಕು, ಪದಾಧಿಕಾರಿಗಳ ಆಧಾರ್ ಕೊಡಬೇಕು, ಆಡಳಿತ ವೆಚ್ಚ ಶೇ 20ನ್ನು ಮೀರಬಾರದು, ಪಡೆದ ಹಣವನ್ನು ಬೇರೆ ಸಂಸ್ಥೆಗೆ ಕೊಡಬಾರದು ಎಂಬ ಬಿಗಿಯಾದ ನಿಯಮಗಳು ಬಂದವು. ಲೆಕ್ಕ ಕೇಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಕುಷ್ಠರೋಗಿಗಳ ಆಸ್ಪತ್ರೆ ನಡೆಸುವವರಿಗೆ ಪೈಸೆ ಪೈಸೆಯ ಲೆಕ್ಕ, ದೇಶ ಆಳಲು ಹೊರಟವರಿಗೆ ಪೂರ್ವಾನ್ವಯದ ಕ್ಷಮಾದಾನ, ಇದು ಯಾವ ಭದ್ರತಾ ನೀತಿ ಎಂದು ತಾವೇ ಹೇಳಬೇಕು. ವಿದೇಶಿ ಶಕ್ತಿಯೊಂದು ಪ್ರಭಾವ ಬೀರಲು ಬಯಸಿದರೆ ಮೊದಲು ಹುಡುಕುವುದು ಆಸ್ಪತ್ರೆಯ ಬಾಗಿಲನ್ನಲ್ಲ.

ಬೇಹುಗಾರಿಕೆಯನ್ನು ಹಿಡಿಯಬೇಕಾದ ನಮ್ಮ ಸಂಸ್ಥೆಗಳ ಸ್ಥಿತಿಯೂ ಯೋಚಿಸುವಂಥದ್ದು. ಗುಪ್ತಚರ ವಿಭಾಗದ ಹುಟ್ಟು 1887ರಲ್ಲಿ, ಹೊರದೇಶಗಳ ಬೇಹುಗಾರಿಕೆ ನೋಡಿಕೊಳ್ಳುವ ರಾ ಹುಟ್ಟಿದ್ದು 1968ರಲ್ಲಿ. ಅವುಗಳ ಅಧಿಕಾರವೇನು, ಮಿತಿಯೇನು, ಯಾರಿಗೆ ಉತ್ತರದಾಯಿ ಎಂದು ಹೇಳಿ ಅವನ್ನು ಸ್ಥಾಪಿಸುವ ಒಂದು ಶಾಸನವನ್ನು ಸಂಸತ್ತು ಈವರೆಗೆ ಮಾಡಿಲ್ಲ. 2010ರ ಜನವರಿಯಲ್ಲಿ, ಉಪರಾಷ್ಟ್ರಪತಿಗಳಾಗಿದ್ದ ಹಮೀದ್ ಅನ್ಸಾರಿ ಅವರು ರಾ ಸಂಸ್ಥೆಯವರ ಎದುರಿಗೇ ಆರ್.ಎನ್. ಕಾವ್ ಸ್ಮಾರಕ ಉಪನ್ಯಾಸ ನೀಡುತ್ತ, ಗುಪ್ತಚರ ಸಂಸ್ಥೆಗಳು ಸಂಸತ್ತಿಗೆ ಉತ್ತರದಾಯಿಯಾಗಬೇಕೆಂಬ ವಿಚಾರವನ್ನು ಮುಂದಿಟ್ಟರು. ಮರುವರ್ಷ ಮನೀಶ್ ತಿವಾರಿ ಅವರು ಇದೇ ಉದ್ದೇಶದ ಖಾಸಗಿ ಮಸೂದೆ ಮಂಡಿಸಿದರು. ಅದು ಕಾನೂನಾಗಲಿಲ್ಲ.

ಯಾರೂ ಹೊರಗಿನಿಂದ ನೋಡದ ಕಡೆ ಎರಡು ಬಗೆಯ ಅನಾಹುತಗಳಾಗುತ್ತವೆ. ನಿಜವಾದ ಬೇಹುಗಾರ ವರ್ಷಗಟ್ಟಲೆ ಸಿಕ್ಕಿಬೀಳುವುದಿಲ್ಲ. 1985ರ ಜನವರಿಯಲ್ಲಿ ಬಯಲಾದ ಪ್ರಕರಣದಲ್ಲಿ ಸ್ವತಃ ಪ್ರಧಾನಿ ಕಚೇರಿಯ ಸಿಬ್ಬಂದಿಯೇ ರಹಸ್ಯ ಕಡತಗಳ ಜೆರಾಕ್ಸ್ ಪ್ರತಿಗಳನ್ನು ಹಣಕ್ಕಾಗಿ ಹೊರಗೆ ಕೊಡುತ್ತಿದ್ದರು. ಪ್ರಧಾನಿಯವರ ಪ್ರಧಾನ ಕಾರ್ಯದರ್ಶಿ ಪಿ.ಸಿ. ಅಲೆಕ್ಸಾಂಡರ್ ರಾಜೀನಾಮೆ ಕೊಟ್ಟರು, ಫ್ರಾನ್ಸಿನ ರಾಜತಾಂತ್ರಿಕರು ದೇಶ ಬಿಡಬೇಕಾಯಿತು, ವಿಚಾರಣಾ ನ್ಯಾಯಾಲಯದ ತೀರ್ಪು ಬಂದದ್ದು 2002ರಲ್ಲಿ. ತಿಜೋರಿ ಒಡೆದವರಾರೂ ಅಲ್ಲಿರಲಿಲ್ಲ. ಕಡತ ಹೊತ್ತು ತಿರುಗುವ ಕೆಳಹಂತದ ನೌಕರರು ಮತ್ತು ಅವರ ಆಸೆ ಯಾವುದೆಂದು ತಿಳಿದಿದ್ದ ಒಬ್ಬ ಮಧ್ಯವರ್ತಿ ಇದ್ದರು. 2004ರಲ್ಲಿ ರಾ ಸಂಸ್ಥೆಯ ಜಂಟಿ ಕಾರ್ಯದರ್ಶಿ ದರ್ಜೆಯ ಅಧಿಕಾರಿ ರವೀಂದರ್ ಸಿಂಗ್, ತನ್ನ ಮೇಲೆ ನಿಗಾ ಇದ್ದಾಗಲೇ ನೇಪಾಳದ ದಾರಿಯಾಗಿ ಅಮೆರಿಕಕ್ಕೆ ಪರಾರಿಯಾದ.

ಇನ್ನೊಂದು ಬಗೆಯ ಅನಾಹುತ ಇದಕ್ಕಿಂತ ಕ್ರೂರವಾದದ್ದು. 1994ರ ನವೆಂಬರ್‌ನಲ್ಲಿ ಇಸ್ರೊ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು ಬೇಹುಗಾರನೆಂದು ಬಂಧಿಸಲಾಯಿತು. 1996ರಲ್ಲೇ ಸಿಬಿಐ ಆರೋಪ ಸುಳ್ಳೆಂದು ವರದಿ ಸಲ್ಲಿಸಿತು. ಅವರನ್ನು ವಿನಾಕಾರಣ ಬಂಧಿಸಿ ಹಿಂಸಿಸಲಾಯಿತು ಎಂದು ಹೇಳಿ ಸುಪ್ರೀಂ ಕೋರ್ಟ್ 50 ಲಕ್ಷ ರೂಪಾಯಿ ಪರಿಹಾರ ಕೊಡಿಸುವ ಹೊತ್ತಿಗೆ 2018 ಬಂದಿತ್ತು. ಬಂಧನದ ಹೊತ್ತಿನಲ್ಲಿ ಕೇರಳದ ಒಂದು ಪಕ್ಷದ ಒಳಜಗಳಕ್ಕೆ ಈ ಪ್ರಕರಣ ಆಯುಧವಾಯಿತು, ಮುಖ್ಯಮಂತ್ರಿಯೊಬ್ಬರು ಕುರ್ಚಿ ಬಿಡಬೇಕಾಯಿತು. ದ್ರವ ಇಂಧನದ ಎಂಜಿನ್ ಕೆಲಸದಲ್ಲಿ ಮುಂದಾಳಾಗಿದ್ದ ಒಬ್ಬ ವಿಜ್ಞಾನಿಯ ದುಡಿಮೆಯ ವರ್ಷಗಳು ದೇಶಕ್ಕೆ ನಷ್ಟವಾದವು. ‘ದೇಶದ್ರೋಹಿ’ ಎಂದು ತಾವು ಸದನದಲ್ಲಿ ಒಬ್ಬರನ್ನೊಬ್ಬರು ಕರೆಯುವಾಗ ಈ ಹಿರಿಯರ ಮುಖವನ್ನು ಒಮ್ಮೆ ನೆನೆಯಬೇಕೆಂದು ಕೈಮುಗಿದು ಕೇಳುತ್ತೇನೆ.

ಬೇರೆ ದೇಶಗಳ ಸಂಸತ್ತುಗಳು ಈ ವಿಷಯದಲ್ಲಿ ಪರಿಪೂರ್ಣವೇನಲ್ಲ. ಬ್ರಿಟನ್ನಿನ ಸಂಸದೀಯ ಗುಪ್ತಚರ ಸಮಿತಿ ರಷ್ಯಾದ ಕುರಿತ ವರದಿಯನ್ನು 2019ರಲ್ಲೇ ಸಿದ್ಧಪಡಿಸಿದ್ದರೂ ಚುನಾವಣೆ ಮುಗಿಯುವವರೆಗೆ ಸರ್ಕಾರ ಅದನ್ನು ಹೊರಬಿಡಲಿಲ್ಲ. 2020ರ ಜುಲೈನಲ್ಲಿ ಹೊರಬಂದಾಗ, ಬ್ರೆಕ್ಸಿಟ್ ಜನಮತಗಣನೆಯಲ್ಲಿ ಹಸ್ತಕ್ಷೇಪ ನಡೆಯಿತೇ ಎಂದು ಸರ್ಕಾರ ಹುಡುಕುವ ಗೋಜಿಗೇ ಹೋಗಿರಲಿಲ್ಲ ಎಂದು ಅದು ಖಂಡಿಸಿತ್ತು. ಆದರೂ ಹಾಗೆ ಖಂಡಿಸುವ ಸಮಿತಿಯೊಂದು ಅಲ್ಲಿ 1994ರಿಂದ ಶಾಸನಬದ್ಧವಾಗಿ ಇದೆ. 2022ರ ಜನವರಿಯಲ್ಲಿ ಅಲ್ಲಿನ ಆಂತರಿಕ ಗುಪ್ತಚರ ಸಂಸ್ಥೆ ಎಂಐ5, ಚೀನಾದ ಕಮ್ಯುನಿಸ್ಟ್ ಪಕ್ಷದ ಪರವಾಗಿ ಸಂಸದರ ನಡುವೆ ಓಡಾಡುತ್ತಿದ್ದ ವ್ಯಕ್ತಿಯ ಬಗ್ಗೆ ಎಲ್ಲ ಸಂಸದರಿಗೂ ಎಚ್ಚರಿಕೆಯ ಸೂಚನೆ ಕಳಿಸಿತು. ಕೆನಡಾ ದೇಶವು ವಿದೇಶಿ ಹಸ್ತಕ್ಷೇಪದ ತನಿಖೆಗೆ ನ್ಯಾಯಮೂರ್ತಿ ಮಾರಿ ಜೋಸೆ ಹೋಗ್ ಅವರ ಆಯೋಗ ನೇಮಿಸಿ, ಬಹುಪಾಲು ಬಹಿರಂಗ ವಿಚಾರಣೆ ನಡೆಸಿ, 2025ರ ಜನವರಿಯಲ್ಲಿ ಅಂತಿಮ ವರದಿ ಪ್ರಕಟಿಸಿತು. ಆ ವರದಿ ಭಾರತದತ್ತಲೂ ಬೆರಳು ತೋರಿದೆ, ನಮ್ಮ ಸರ್ಕಾರ ಅದನ್ನು ತಿರಸ್ಕರಿಸಿದೆ. ಅದರ ಸತ್ಯಾಸತ್ಯ ಇಲ್ಲಿ ನನ್ನ ವಿಷಯವಲ್ಲ. ತಮ್ಮ ಚುನಾವಣೆಯಲ್ಲಿ ಏನು ನಡೆಯಿತೆಂದು ಅಲ್ಲಿನ ಮತದಾರ ಓದಬಹುದು. 2024ರ ಡಿಸೆಂಬರ್ 6ರಂದು ರುಮೇನಿಯಾದ ಸಾಂವಿಧಾನಿಕ ನ್ಯಾಯಾಲಯ, ಹೊರಗಿನ ಹಸ್ತಕ್ಷೇಪದ ಆರೋಪಗಳ ನಡುವೆ, ಅಧ್ಯಕ್ಷ ಚುನಾವಣೆಯ ಮೊದಲ ಸುತ್ತನ್ನೇ ರದ್ದುಮಾಡಬೇಕಾಯಿತು. ತಡವಾಗಿ ಎಚ್ಚೆತ್ತರೆ ಅಂಥ ಕಠಿಣ ಹೆಜ್ಜೆಯೇ ಗತಿಯಾಗುತ್ತದೆ, ಅದರಿಂದ ಅರ್ಧ ದೇಶ ಮೋಸಹೋದೆವೆಂದು ಭಾವಿಸುತ್ತದೆ.

ಇನ್ನೊಂದು ದಾರಿಯೂ ಇದೆ, ಅದನ್ನು ತಾವು ಹಿಡಿಯಬಾರದು. ರಷ್ಯಾ 2012ರಲ್ಲಿ ತಂದ ‘ವಿದೇಶಿ ಏಜೆಂಟ್’ ಕಾನೂನು ಸಂಘ ಸಂಸ್ಥೆಗಳಿಂದ ಶುರುವಾಗಿ ಪತ್ರಕರ್ತರು ಮತ್ತು ಸಾಮಾನ್ಯ ನಾಗರಿಕರವರೆಗೂ ಚಾಚಿಕೊಂಡಿತು. ಟೀಕಿಸುವವರ ಹಣೆಗೆ ಮುದ್ರೆಯೊತ್ತುವ ಕಾನೂನಿನಿಂದ ಬೇಹುಗಾರರು ಸಿಕ್ಕಿಬೀಳುವುದಿಲ್ಲ, ಬೇಹುಗಾರನಾದವನು ಸರ್ಕಾರವನ್ನು ಹೊಗಳುತ್ತಲೇ ತನ್ನ ಕೆಲಸ ಮಾಡಬಲ್ಲ.

ಆದ್ದರಿಂದ ನನ್ನ ಬೇಡಿಕೆಗಳನ್ನು ತಮ್ಮ ಮುಂದಿಡುತ್ತೇನೆ. 2016 ಮತ್ತು 2018ರ ಹಣಕಾಸು ಕಾಯ್ದೆಗಳ ಮೂಲಕ ಎಫ್‌ಸಿಆರ್‌ಎಗೆ ತಂದ ತಿದ್ದುಪಡಿಗಳನ್ನು, ಮುಖ್ಯವಾಗಿ ಅವುಗಳ ಪೂರ್ವಾನ್ವಯವನ್ನು, ರದ್ದುಪಡಿಸಬೇಕು. ಇದನ್ನು ಮತ್ತೆ ಹಣಕಾಸು ಮಸೂದೆಯ ಮರೆಯಲ್ಲಿ ತರದೆ ಪ್ರತ್ಯೇಕ ಮಸೂದೆಯಾಗಿ ತಂದು, ಯಾರು ಪರ ಯಾರು ವಿರೋಧ ಎಂಬುದು ದಾಖಲಾಗುವಂತೆ ಮತಕ್ಕೆ ಹಾಕಬೇಕು. ಪಕ್ಷಗಳಿಗೆ ಬರುವ ದೇಣಿಗೆ ಎಷ್ಟೇ ಸಣ್ಣದಿರಲಿ, ಕೊಟ್ಟವರು ಯಾರು ಮತ್ತು ಕಂಪನಿಯಾದರೆ ಅದರ ನಿಜವಾದ ಒಡೆಯರು ಯಾರು ಎಂಬುದು ಚುನಾವಣಾ ಆಯೋಗದ ಬಳಿ ಇರಬೇಕು. ಗುಪ್ತಚರ ಸಂಸ್ಥೆಗಳಿಗೆ ಶಾಸನದ ಬುನಾದಿ ಹಾಕಿ, ಎರಡೂ ಸದನಗಳ, ಎಲ್ಲ ಪ್ರಮುಖ ಪಕ್ಷಗಳ ಸದಸ್ಯರಿರುವ, ಗೋಪ್ಯತೆಯ ಪ್ರಮಾಣ ಸ್ವೀಕರಿಸಿದ ಒಂದು ಸಣ್ಣ ಸಮಿತಿಗೆ ಅವು ವರದಿ ಒಪ್ಪಿಸುವಂತೆ ಮಾಡಬೇಕು. ಅದರ ಅಧ್ಯಕ್ಷತೆ ವಿರೋಧ ಪಕ್ಷಕ್ಕೆ ಸಿಕ್ಕರೆ ಅದರ ಮಾತಿಗೆ ತೂಕ ಬರುತ್ತದೆ ಎಂಬುದು ನನ್ನ ಅಭಿಪ್ರಾಯ, ಲೆಕ್ಕಪತ್ರ ಸಮಿತಿಯಲ್ಲಿ ಈ ಪದ್ಧತಿ ಈಗಾಗಲೇ ಇದೆ. ಪ್ರತಿ ಲೋಕಸಭಾ ಚುನಾವಣೆಯ ನಂತರ, ವಿದೇಶಿ ಹಸ್ತಕ್ಷೇಪದ ಯತ್ನಗಳ ಬಗ್ಗೆ ಬಹಿರಂಗಪಡಿಸಬಹುದಾದಷ್ಟನ್ನು ಬಹಿರಂಗಪಡಿಸುವ ವರದಿಯೊಂದನ್ನು ಈ ಸಮಿತಿ ಸದನದಲ್ಲಿ ಮಂಡಿಸಬೇಕು. ಏನೂ ನಡೆಯದಿದ್ದರೆ ಏನೂ ನಡೆಯಲಿಲ್ಲ ಎಂದು ಬರೆಯಲಿ; ಅದೂ ಮತದಾರನಿಗೆ ಬೇಕಾದ ಮಾಹಿತಿಯೇ.

ಸಂಸದರು ವಿದೇಶಿ ಸರ್ಕಾರಗಳ, ಅವುಗಳ ನೆರವು ಪಡೆದ ಸಂಸ್ಥೆಗಳ ಖರ್ಚಿನಲ್ಲಿ ಮಾಡುವ ಪ್ರವಾಸಗಳು, ಪಡೆಯುವ ಉಡುಗೊರೆ ಮತ್ತು ಗೌರವಧನಗಳು ಯಾರು ಬೇಕಾದರೂ ನೋಡಬಹುದಾದ ಒಂದು ವಹಿಯಲ್ಲಿ ದಾಖಲಾಗಬೇಕು. ರಾಜ್ಯಸಭೆಯಲ್ಲಿ ಸದಸ್ಯರ ಹಿತಾಸಕ್ತಿಗಳನ್ನು ದಾಖಲಿಸುವ ವ್ಯವಸ್ಥೆ ಇದೆ. ಅದನ್ನು ಬಲಪಡಿಸಿ ಲೋಕಸಭೆಗೂ ತರಬೇಕು. ಕೊನೆಯದಾಗಿ, ಸದನದ ಒಳಗೆ ವಿದೇಶಿ ಶಕ್ತಿಯೊಂದಿಗೆ ಸೇರಿಕೊಂಡಿದ್ದಾರೆ ಎಂದು ವ್ಯಕ್ತಿಯ ಅಥವಾ ಸಂಸ್ಥೆಯ ಹೆಸರು ಹಿಡಿದು ಆರೋಪಿಸುವ ಸದಸ್ಯರು ತಮ್ಮಲ್ಲಿರುವ ಆಧಾರವನ್ನು ನಿಗದಿತ ಅವಧಿಯೊಳಗೆ ಸಭಾಧ್ಯಕ್ಷರಿಗೆ ಅಥವಾ ಮೇಲೆ ಹೇಳಿದ ಸಮಿತಿಗೆ ಒಪ್ಪಿಸಬೇಕು, ಆಧಾರವಿಲ್ಲವೆಂದು ಕಂಡುಬಂದರೆ ಅದೇ ಸದನದಲ್ಲಿ ಅದೇ ಸದಸ್ಯರು ಮಾತು ಹಿಂಪಡೆಯಬೇಕು ಎಂಬ ನಿಯಮ ಬರಬೇಕು. ಸದನದಲ್ಲಿ ಆಡಿದ ಮಾತಿಗೆ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಲು ಬರುವುದಿಲ್ಲ ಎಂಬ ರಕ್ಷಣೆ ತಮಗಿದೆ. ಮುಖಕ್ಕೆ ಕೆಂಪು ವೃತ್ತ ಹಾಕಿಸಿಕೊಂಡ ಹುಡುಗಿಗೆ ಯಾವ ರಕ್ಷಣೆಯೂ ಇಲ್ಲ.

ಈ ಬೇಡಿಕೆಗಳನ್ನು ಅರ್ಜಿಯ ರೂಪದಲ್ಲಿ ಬರೆದು ಉಭಯ ಸದನಗಳ ಅರ್ಜಿ ಸಮಿತಿಗಳಿಗೆ ಕಳಿಸಲು ಸಿದ್ಧಪಡಿಸಿದ್ದೇನೆ. ಸದನದಲ್ಲಿ ಮಂಡನೆಯಾಗಬೇಕಾದರೆ ಅದಕ್ಕೆ ಸದಸ್ಯರೊಬ್ಬರ ಮೇಲುಸಹಿ ಬೇಕು. ಆಡಳಿತ ಪಕ್ಷದ ಒಬ್ಬರು ಮತ್ತು ವಿರೋಧ ಪಕ್ಷದ ಒಬ್ಬರು ಒಟ್ಟಾಗಿ ಈ ಅರ್ಜಿಯನ್ನು ಕೈಗೆತ್ತಿಕೊಳ್ಳಲು ಮುಂದೆ ಬರಬೇಕೆಂದು ವಿನಂತಿಸುತ್ತೇನೆ. ಒಬ್ಬರೇ ಮುಂದೆ ಬಂದರೆ ಇದೂ ಇನ್ನೊಂದು ಪಕ್ಷದ ಮೇಲಿನ ಆರೋಪವಾಗಿಬಿಡುತ್ತದೆ ಎಂಬ ಭಯ ನನಗಿದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ರಾಜ್ಯಶಾಸ್ತ್ರ ಅಧ್ಯಾಪಕ ಮತ್ತು ಮತದಾರ